ಧ್ವನಿ-ಯಂತ್ರ ಪ್ರಶ್ನೋತ್ತರ: ಹಳೆಯ ಸಿಡಿ ಪ್ಲೇಯರ್‌ಗೆ ಮೊದಲು ದುರಸ್ತಿ, ಆಮೇಲೆ ಮಾರ್ಪಾಡು

ಪ್ರಶ್ನೆ: ನನ್ನಲ್ಲಿ ಮರಾಂಟ್ಜ್ ಸಿಡಿ-94 ಪ್ಲೇಯರ್ ಇದೆ. ಆನ್ ಮಾಡಿ ಹತ್ತು ನಿಮಿಷ ಬಿಟ್ಟರೆ ಮಾತ್ರ ಕೆಲವು ಡಿಸ್ಕ್ ಓದುತ್ತದೆ. ಆಪ್-ಆಂಪ್ ಬದಲಿಸಿ, ಹೊಸ ಕ್ಲಾಕ್ ಹಾಕಿ, ಓವರ್‌ಸ್ಯಾಂಪ್ಲಿಂಗ್ ಐಸಿಯನ್ನೇ ತೆಗೆದುಬಿಡಿ ಎಂದು ಗೆಳೆಯರು ಹೇಳುತ್ತಾರೆ. ಎಲ್ಲಿಂದ ಶುರು ಮಾಡಲಿ? (ಮೈಸೂರು)

ಉತ್ತರ: ಆಪ್-ಆಂಪ್ (ಸಂಕೇತವನ್ನು ವರ್ಧಿಸುವ ಐಸಿ), ಕ್ಲಾಕ್ (ಐಸಿಗಳಿಗೆ ತಾಳ ಕೊಡುವ ಸರ್ಕ್ಯೂಟ್), ಓವರ್‌ಸ್ಯಾಂಪ್ಲಿಂಗ್ ಐಸಿ (ಸ್ಯಾಂಪಲ್, ಅಂದರೆ ಧ್ವನಿಯ ಕ್ಷಣಕ್ಷಣದ ಅಳತೆ, ಅವುಗಳ ನಡುವೆ ಲೆಕ್ಕಹಾಕಿದ ಹೊಸ ಸ್ಯಾಂಪಲ್ ಸೇರಿಸುವುದು): ಈ ಮೂರನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಬಿಸಿಯಾದ ಮೇಲೆ ಸರಿಹೋಗುವ ಯಂತ್ರದಲ್ಲಿ ಮೊದಲ ಅನುಮಾನ ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೇಲೆ. ಅದರ ಒಳಗಿನ ರೆಸಿಸ್ಟೆನ್ಸ್ ತಣ್ಣಗಿರುವಾಗ ಏರಿ, ಬಿಸಿಯಾದಾಗ ಇಳಿಯುತ್ತದೆ. ಎರಡನೆಯದು ಬಿರುಕು ಬಿಟ್ಟ ಬೆಸುಗೆ. ಕನೆಕ್ಟರ್‌ಗಳ ಮತ್ತು ರೆಗ್ಯುಲೇಟರ್‌ಗಳ (ವೋಲ್ಟೇಜನ್ನು ಸ್ಥಿರವಾಗಿಡುವ ಬಿಡಿಭಾಗ) ಕಾಲಿನ ಸುತ್ತ ಉಂಗುರದಂಥ ಗೆರೆ ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ, ಇದ್ದರೆ ಹಳೆಯ ಸೀಸ ತೆಗೆದು ಹೊಸದಾಗಿ ಬೆಸೆಯಿರಿ.

ಆಮೇಲೆ ಡಿಎಸಿ (ಡಿಸ್ಕಿನ ಅಂಕಿಗಳನ್ನು ಧ್ವನಿ ಸಂಕೇತವಾಗಿ ಬದಲಿಸುವ ಐಸಿ), ಇಲ್ಲಿ ಟಿಡಿಎ1541ಎ, ಅದರ ಸಪ್ಲೈ ಅಳೆಯಿರಿ. ಪಿನ್ 28ರಲ್ಲಿ +5, 26ರಲ್ಲಿ -5, 15ರಲ್ಲಿ -15 ವೋಲ್ಟ್ ಇರಬೇಕು. ಶೇ 5ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಹಿಂದಿನ ರೆಗ್ಯುಲೇಟರ್ ಮತ್ತು ಫಿಲ್ಟರ್ ಕೆಪಾಸಿಟರ್ ನೋಡಿ. ಕೆಪಾಸಿಟರ್ ಬದಲಿಸುವಾಗ ಮೌಲ್ಯ ಅಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯ ಮಾಲು. 7905, 7915 (ಮೈನಸ್ ವೋಲ್ಟೇಜಿನ ರೆಗ್ಯುಲೇಟರ್‌ಗಳು) ಬದಲಿಸಿದರೆ ಒಂದು ಎಚ್ಚರ: ಇವುಗಳ ಲೋಹದ ಬೆನ್ನು ಗ್ರೌಂಡ್ ಅಲ್ಲ, ಇನ್‌ಪುಟ್. ಮೈಕಾ ಹಾಳೆ ಮರೆತು ಹೀಟ್‌ಸಿಂಕ್‌ಗೆ ಬಿಗಿದರೆ ನೇರ ಶಾರ್ಟ್. ಡಿಎಸಿ ಸುತ್ತಲಿನ 14 ಸಣ್ಣ 100 ನ್ಯಾನೊಫ್ಯಾರಡ್ ಕೆಪಾಸಿಟರ್‌ಗಳು (104 ಎಂದು ಗುರುತಿರುವವು) ಫಿಲ್ಮ್ ಜಾತಿಯವಾದರೆ ಮುಟ್ಟಬೇಡಿ. ಅವು ಒಣಗುವುದಿಲ್ಲ, ಕೀಳಲು ಹೋದರೆ ಬೋರ್ಡಿನ ತಾಮ್ರದ ಗೆರೆ ಏಳುತ್ತದೆ.

ಇಷ್ಟಾದ ಮೇಲೆ ಒಂದು ವಾರ ಕೇಳಿ. ಬಹಳ ಸಲ ಮಾರ್ಪಾಡಿನ ಆಸೆ ಇಲ್ಲಿಗೇ ತೀರುತ್ತದೆ.

ಆಪ್-ಆಂಪ್ ಬದಲಿಸಲೇಬೇಕಿದ್ದರೆ ಮೊದಲು ಚಿಪ್ ಮೇಲಿನ ನಂಬರ್ ಓದಿ. 5534 ಒಂಟಿ, 5532 ಜೋಡಿ, ಪಿನ್ ಬೇರೆ. ಒಳ್ಳೆಯ ಸಾಕೆಟ್ ಹಾಕಿ. ಜೋಡಿಯಾದರೆ ಪಿನ್ 4 ಮತ್ತು 8ರ ನಡುವೆ ಬೋರ್ಡಿನ ಅಡಿಯಲ್ಲೇ ಒಂದು 100 ನ್ಯಾನೊಫ್ಯಾರಡ್ ಬೆಸೆಯಿರಿ. ಇದಿಲ್ಲದೆ ವೇಗದ ಆಪ್-ಆಂಪ್ ಹಾಕಿದರೆ ಅದು ತಾನೇ ಆಸಿಲೇಟ್ ಆಗಬಹುದು, ಅಂದರೆ ಸಂಕೇತವಿಲ್ಲದೆಯೂ ತಾನಾಗಿ ಕಂಪಿಸಬಹುದು. ಚಿಪ್ ಮುಟ್ಟಲಾಗದಷ್ಟು ಬಿಸಿ, ಧ್ವನಿ ಒರಟು. ಅದನ್ನೇ 'ಹೆಚ್ಚು ವಿವರ' ಎಂದು ಮೆಚ್ಚಿಕೊಂಡವರೂ ಇದ್ದಾರೆ. ಫೀಡ್‌ಬ್ಯಾಕ್ ರೆಸಿಸ್ಟರ್‌ಗೆ ಅಡ್ಡವಾಗಿರುವ ಕೆಪಾಸಿಟರ್ ತೆಗೆಯಬೇಡಿ. ಔಟ್‌ಪುಟ್ಟಿನ ಮ್ಯೂಟಿಂಗ್ ಟ್ರಾನ್ಸಿಸ್ಟರನ್ನೂ ಕತ್ತರಿಸಬೇಡಿ: ಆನ್ ಮಾಡಿದಾಗ ಬರುವ ಹೊಡೆತ ಸ್ಪೀಕರ್ ತಲುಪುತ್ತದೆ.

ಓವರ್‌ಸ್ಯಾಂಪ್ಲಿಂಗ್ ತೆಗೆಯುವ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ಎಸ್‌ಎಎ7220 (ಓವರ್‌ಸ್ಯಾಂಪ್ಲಿಂಗ್ ಮಾಡುವ ಐಸಿ) ಬರೀ ಫಿಲ್ಟರ್ ಅಲ್ಲ. ಗೀರು ಬಿದ್ದ ಡಿಸ್ಕಿನಲ್ಲಿ ತಪ್ಪಿಹೋದ ಸ್ಯಾಂಪಲ್‌ಗಳನ್ನು ಅಕ್ಕಪಕ್ಕದವುಗಳಿಂದ ಲೆಕ್ಕಹಾಕಿ ತುಂಬುವುದು ಅದೇ. ಡಿಜಿಟಲ್ ಔಟ್‌ಪುಟ್ ಅದರದ್ದು, 11.2896 ಮೆಗಾಹರ್ಟ್ಸ್ ಕ್ಲಾಕ್ ಹುಟ್ಟುವುದೂ ಅಲ್ಲೇ. ತೆಗೆದರೆ ಡಿಕೋಡರ್‌ಗೆ (ಡಿಸ್ಕಿನಿಂದ ಓದಿದ್ದನ್ನು ಬಿಡಿಸುವ ಐಸಿ) ಬೇರೆ ಕ್ಲಾಕ್ ಕೊಡಬೇಕು. ಅದರ ಮೇಲೆ 20 ಕಿಲೋಹರ್ಟ್ಸ್‌ನಲ್ಲಿ ಸುಮಾರು 3.2 ಡೆಸಿಬೆಲ್ ಇಳಿಕೆ. ಕೇಳಲು 'ಮೃದು' ಎನ್ನಿಸುವುದಕ್ಕೆ ಅದೂ ಒಂದು ಕಾರಣ.

ಹೊಸ ಕ್ಲಾಕ್ ಕೊನೆಯ ಕೆಲಸ. ಅದಕ್ಕೆ ಪ್ರತ್ಯೇಕ ರೆಗ್ಯುಲೇಟರ್ ಬೇಕು, ತಂತಿ ಕೆಲವೇ ಸೆಂಟಿಮೀಟರ್ ಇರಬೇಕು. ಉದ್ದ ತಂತಿಯ ದುಬಾರಿ ಕ್ಲಾಕ್‌ಗಿಂತ ಹಳೆಯ ಕ್ರಿಸ್ಟಲ್ ವಾಸಿ.

ಮಾರ್ಪಾಡಿನ ಮುಂಚೆ ಮತ್ತು ನಂತರ, ಪೂರ್ಣ ಮಟ್ಟದ 400 ಹರ್ಟ್ಸ್ ಸ್ವರವನ್ನು ಸಿಡಿ-ಆರ್‌ಗೆ ಬರೆದು ಔಟ್‌ಪುಟ್ ಅಳೆಯಿರಿ. ಸುಮಾರು 2 ವೋಲ್ಟ್ ಸಿಗಬೇಕು. (ಸಿಡಿ-ಆರ್‌ಡಬ್ಲ್ಯೂ ಬೇಡ. ಅದು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಆ ಕಾಲದ ಲೇಸರ್ ಓದುವುದಿಲ್ಲ.) ಹೋಲಿಸುವಾಗ ಎರಡರ ನಡುವೆ 20 ಮಿಲಿವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಬೇಡ. ತುಸು ಜೋರಾಗಿದ್ದದ್ದೇ ಕಿವಿಗೆ ಚೆನ್ನ ಎನ್ನಿಸಿಬಿಡುತ್ತದೆ.

ಪ್ರಶ್ನೆ: ಜಪಾನಿನಿಂದ ತಂದ 100 ವೋಲ್ಟ್ ಪ್ಲೇಯರ್‌ಗೆ ಇಲ್ಲಿ ಸಿಗುವ 110 ವೋಲ್ಟ್ ಟ್ರಾನ್ಸ್‌ಫಾರ್ಮರ್ ಸಾಕೇ? ಲೆನ್ಸ್ ಮೇಲೆ ಮಂಜು ಕಟ್ಟಿದಂತಿದೆ. (ಮಂಗಳೂರು)

ಉತ್ತರ: ಬೇಡ, 110 ವೋಲ್ಟ್ ಹೆಚ್ಚಾಯಿತು. ಶೇ 10 ಅಧಿಕ, ನಮ್ಮ ಲೈನ್ 245ಕ್ಕೆ ಏರಿದರೆ 117 ವೋಲ್ಟ್ ಆಗುತ್ತದೆ, ರೆಗ್ಯುಲೇಟರ್‌ಗಳು ಬೇಯುತ್ತವೆ. 230ರಿಂದ 100ಕ್ಕೆ ಇಳಿಸುವುದನ್ನೇ ಸುತ್ತಿಸಿಕೊಳ್ಳಿ, ಹಿಂಭಾಗದಲ್ಲಿ ಬರೆದ ವ್ಯಾಟಿನ ಎರಡರಷ್ಟು ಸಾಮರ್ಥ್ಯವಿರಲಿ. ಲೆನ್ಸಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಹಿಂಡಿದ ಹತ್ತಿಕಡ್ಡಿ, ಒತ್ತದೆ ಒಂದೆರಡು ಸುತ್ತು. ಬ್ರಷ್ ಇರುವ ಕ್ಲೀನಿಂಗ್ ಡಿಸ್ಕ್ ಬೇಡ. ಮಂಜು ಲೆನ್ಸಿನ ಒಳಬದಿಯಲ್ಲಿದ್ದರೆ ಕಡ್ಡಿಯಿಂದ ಹೋಗದು.

ಪ್ರಶ್ನೆ: ಕಿರೀಟದ ಗುರುತಿನ ಟಿಡಿಎ1541ಎ ಎಸ್1 (ಅದೇ ಡಿಎಸಿಯ ಆಯ್ದ ದರ್ಜೆ) ಆನ್‌ಲೈನಿನಲ್ಲಿ ಅಗ್ಗಕ್ಕಿದೆ. ಕೊಳ್ಳಲೇ? (ಬೆಂಗಳೂರು)

ಉತ್ತರ: ಬೇಡ. ಸಾಮಾನ್ಯ ಚಿಪ್ಪಿನ ಮೇಲ್ಮೈ ಉಜ್ಜಿ ಕಿರೀಟ ಮುದ್ರಿಸಿ ಮಾರುವುದು ನಡೆಯುತ್ತದೆ. ಈಗಾಗಲೇ ಕೊಂಡಿದ್ದರೆ ಅಸಿಟೋನ್ ಹಚ್ಚಿದ ಬಟ್ಟೆಯಿಂದ ಒರೆಸಿ ನೋಡಿ. ಅಕ್ಷರ ಅಳಿಸಿ ಕೆಳಗೆ ಉಜ್ಜಿದ ಗೀರು ಕಂಡರೆ ನಕಲಿ.