ನಿಮ್ಮ ಕಾರಿಗೆ ಕೂತದ್ದು ಇನ್ನೊಬ್ಬರ ಕಾರಿಗೆ ಕೂರುತ್ತದೆಯೇ?

ಪ್ರಶ್ನೆ: ನನ್ನ ಬಳಿ 1989ರಲ್ಲಿ ಬಂದ ಮೊದಲ ತಲೆಮಾರಿನ, ಮೇಲೆ ತೆರೆದ ಮಾಜ್ಡಾ ಎಂಎಕ್ಸ್-5 ಇದೆ. ಗುಂಡಿ ಹಾರಿದಾಗಲೆಲ್ಲ ಸ್ಟೀರಿಂಗೂ ಮುಂದಿನ ಗಾಜಿನ ಚೌಕಟ್ಟೂ ನಡುಗುತ್ತಿದ್ದವು. ಚೌಕ ಪೈಪು, ತಗಡು ತಂದು ಅಡಿಭಾಗಕ್ಕೆ ಎರಡು ಉದ್ದ ಪಟ್ಟಿ, ನಡುವೆ ಕತ್ತರಿಯಾಕಾರದ ಒಂದು ಬ್ರೇಸ್ (ಬಿಗಿತಕ್ಕೆ ಕೊಡುವ ಅಡ್ಡಪಟ್ಟಿ) ನಾನೇ ಮಾಡಿ ಬೋಲ್ಟ್ ಹಾಕಿದೆ. ನಡುಕ ಬಹಳ ಇಳಿಯಿತು. ಅದೇ ಕಾರಿನ ನಾಲ್ಕೈದು ಮಂದಿ ತಮಗೂ ಬೇಕೆನ್ನುತ್ತಿದ್ದಾರೆ. ಮಾರಬಹುದೇ? 4130 ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ) ಉಕ್ಕಿನಲ್ಲಿ ಮಾಡಿದರೆ ಇನ್ನೂ ಬಿಗಿಯಾಗುತ್ತದೆಯೇ?

ಉತ್ತರ: ಉಕ್ಕಿನ ಮಾತು ಮೊದಲು ಮುಗಿಸೋಣ. ಕ್ರೋಮೋಲಿಗೆ ದುಡ್ಡು ಸುರಿಯಬೇಡಿ. ಅದು ಅಷ್ಟು ಸುಲಭಕ್ಕೆ ಸೊಟ್ಟಗಾಗಿ ಹಾಗೇ ಉಳಿಯುವುದಿಲ್ಲ, ನಿಜ. ಆದರೆ ಸಣ್ಣ ಭಾರಕ್ಕೆ ಎಷ್ಟು ಬಳುಕುತ್ತದೆ ಎಂದು ಕೇಳಿದರೆ ಸಾದಾ ಉಕ್ಕಿನಷ್ಟೇ. ಬಳುಕದೆ ನಿಲ್ಲುವ ಗುಣದ ಅಳತೆಯಾದ ಸ್ಥಿತಿಸ್ಥಾಪಕ ಗುಣಾಂಕ ಎರಡಕ್ಕೂ 200 ಗಿಗಾಪ್ಯಾಸ್ಕಲ್‌ನ ಆಸುಪಾಸು. ಬಿಗಿತ ಕೊಡುವುದು ಆಕಾರ. ಮುಚ್ಚಳ ತೆಗೆದ ರಟ್ಟಿನ ಡಬ್ಬಿಯನ್ನು ಎರಡು ಮೂಲೆ ಹಿಡಿದು ತಿರುಚಿ ನೋಡಿ, ನಿಮ್ಮ ಕಾರಿನ ಕಷ್ಟ ತಿಳಿಯುತ್ತದೆ. ನಾಲ್ಕು ಕಡ್ಡಿಯ ಚೌಕ ವಾಲುತ್ತದೆ, ಮೂಲೆಯಿಂದ ಮೂಲೆಗೆ ಒಂದು ಕಡ್ಡಿ ಕಟ್ಟಿದರೆ ನಿಲ್ಲುತ್ತದೆ. ನಿಮ್ಮ ಕತ್ತರಿ ಬ್ರೇಸ್ ಮಾಡಿದ್ದೂ ಇಷ್ಟೇ. ಅದಕ್ಕೇ ಕೆಲಸ ಮಾಡಿತು.

ಇನ್ನು ಮಾರಾಟ. ಇಲ್ಲಿ ನಾನು ಕೈ ಸುಟ್ಟುಕೊಂಡವನು. ನನ್ನ ಕಾರಿನ ಕೆಳಗೆ ಅಂಗಾತ ಮಲಗಿ, ಅಲ್ಲೇ ಗುರುತು ಹಾಕಿ, ಅಲ್ಲೇ ಟ್ಯಾಕ್ (ತಾತ್ಕಾಲಿಕ ಸಣ್ಣ ಬೆಸುಗೆ) ಹಾಕಿ ಮಾಡಿದ ಬ್ರೇಸ್ ಕೈಗವಸಿನಂತೆ ಕೂತಿತ್ತು. ಅದನ್ನೇ ಅಚ್ಚಾಗಿಟ್ಟು ಗೆಳೆಯನಿಗೊಂದು ಮಾಡಿಕೊಟ್ಟೆ. ಎರಡು ತೂತು 3 ಮಿ.ಮೀ. ಆಚೆ. ಅರ ಹಿಡಿದು ತೂತನ್ನು ಮೊಟ್ಟೆಯಾಕಾರಕ್ಕೆ ಉಜ್ಜಿ, ತೆಳು ವಾಷರ್ ಕೊಟ್ಟು ಬಿಗಿದೆವು. ವಾರದೊಳಗೆ ತಿರುವಿಗೊಂದು ಟಕ್, ಗುಂಡಿಗೊಂದು ಟಕ್! ಬೋಲ್ಟಿನ ಜೋಡಣೆ ಭಾರ ಹೊರುವುದು ಎರಡು ತಗಡುಗಳ ಒತ್ತಿದ ಹಿಡಿತದಿಂದ. ಅದು ಜಾರಿದರೆ ಬ್ರೇಸ್ ಇದ್ದೂ ಇಲ್ಲದಂತೆ, ತೂತು ಮಾತ್ರ ದಿನದಿನಕ್ಕೆ ಅಗಲವಾಗುತ್ತದೆ. ತಪ್ಪು ಅವನ ಕಾರಿನದಲ್ಲ, ಒಂದೇ ಕಾರಿನ ಅಳತೆ ನಂಬಿದ ನನ್ನದು. ಈ ಕಾರುಗಳ ಅಡಿಯಲ್ಲಿ ಉದ್ದಕ್ಕೆ ಹಾದಿರುವ ತೆಳು ತಗಡಿನ ತೊಲೆಗಳನ್ನು (ರೈಲು) ಯಾರ‍್ಯಾರೋ ಎಲ್ಲೆಲ್ಲೋ ಜಾಕ್ ಕೊಟ್ಟು ಜಜ್ಜಿರುತ್ತಾರೆ. ಒಂದರಂತೆ ಇನ್ನೊಂದು ಇರುವುದಿಲ್ಲ.

ಹಾಗಾಗಿ ಮೊದಲು ಜಿಗ್ ಮಾಡಿ, ಅಂದರೆ ಪ್ರತಿ ತುಂಡನ್ನೂ ಅದರದರ ಜಾಗದಲ್ಲೇ ಹಿಡಿದಿಡುವ ಅಚ್ಚು. ದಪ್ಪ ಪ್ಲೇಟಿನ ಮೇಲೆ, ಕಡಿಮೆಯೆಂದರೆ ಮೂರು ಕಾರುಗಳ ಅಳತೆ ತೆಗೆದು. ಬಿಸಿ ಬೆಸುಗೆ ಆರುವಾಗ ಪೈಪನ್ನು ಎಳೆಯುತ್ತದೆ. ತಣ್ಣಗಾಗುವ ತನಕ ಜಿಗ್‌ನಿಂದ ಬಿಚ್ಚಬೇಡಿ. ಕೊಳ್ಳುವವರಿಗೆ ಒಂದು ಹಾಳೆ ಬರೆದುಕೊಡಿ: ರೈಲು ಜಜ್ಜಿದ್ದರೆ, ತುಕ್ಕು ತಿಂದಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಡ್ರಿಲ್ ಹಿಡಿಯುವ ಮುನ್ನ ಬ್ರೇಕ್ ಪೈಪು, ಪೆಟ್ರೋಲ್ ಪೈಪು ಎಲ್ಲಿ ಹಾದಿವೆ ಎಂದು ಕೈಯಾಡಿಸಿ ನೋಡಬೇಕು. ಬಿಸಿಯಾದ ಸೈಲೆನ್ಸರ್ ಪೈಪು ಹಿಗ್ಗಲು, ಅಲುಗಲು ಜಾಗ ಉಳಿಯಬೇಕು. ಕೊನೆಯ ಬಿಗಿತ ಕಾರು ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ. ಸ್ಟ್ಯಾಂಡಿನ ಮೇಲೆ ತೂಗಾಡುವ ಬಾಡಿಗೆ ಬಿಗಿದರೆ ಆ ಸೊಟ್ಟವನ್ನೇ ಕಟ್ಟಿಹಾಕಿದಂತೆ.

‘ಡಿಕ್ಕಿಯಲ್ಲಿ ಕಾಪಾಡುತ್ತದೆ’ ಎಂಬ ಮಾತು ಬಾಯಿ ತಪ್ಪಿಯೂ ಬರಬಾರದು. ಇದು ಕಾರು ಮಗುಚಿದಾಗ ತಲೆ ಕಾಯುವ ರೋಲ್ ಬಾರ್ ಅಲ್ಲ. ಎಷ್ಟು ಬಿಗಿಯಾಯಿತು ಎಂದು ಹೇಳಲೇಬೇಕೆಂದರೆ ಅಳೆದು ಹೇಳಿ: ಒಂದು ಮೂಲೆಗೆ ಜಾಕ್ ಕೊಟ್ಟು ಎತ್ತಿ, ಬಾಗಿಲ ಸಂದು ಎಷ್ಟು ಬದಲಾಯಿತೆಂದು ಬ್ರೇಸ್‌ ಇಲ್ಲದೆಯೂ ಹಾಕಿಯೂ ನೋಡಿ, ಎರಡೂ ಸಲ ಅಷ್ಟೇ ಎತ್ತರಕ್ಕೆ ಎತ್ತಿ. ವಾಹನ ಮಾರ್ಪಾಡಿನ ನಿಯಮ ಏನೆನ್ನುತ್ತದೆ, ನೀವು ಮಾರಿದ ಭಾಗದಿಂದ ಹಾನಿಯಾದರೆ ಹೊಣೆ ಯಾರದು ಎಂಬುದನ್ನು ಮೊದಲ ಸೆಟ್ ಕೊಡುವ ಮುಂಚೆಯೇ ವಕೀಲರಲ್ಲಿ, ವಿಮೆಯವರಲ್ಲಿ ಕೇಳಿ. ಬೇಸರದ ಕೆಲಸ, ಆದರೆ ವೆಲ್ಡಿಂಗಿಗಿಂತ ಮುಂಚಿನದು.

ಪ್ರಶ್ನೆ: ಬ್ರೇಸ್‌ಗೆ ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಿಡಿಸಿ ಕಾಯಿಸುವ ಲೇಪ) ಮಾಡಿಸಿದ ಮೇಲೆ ಬೋಲ್ಟುಗಳು ಮತ್ತೆ ಮತ್ತೆ ಸಡಿಲವಾಗುತ್ತಿವೆ. ಬೋಲ್ಟ್ ಕಳಪೆಯೇ?

ಉತ್ತರ: ಬೋಲ್ಟನ್ನು ಬೈಯಬೇಡಿ, ಬಣ್ಣವನ್ನು ನೋಡಿ. ಬೋಲ್ಟಿನ ತಲೆಯಡಿ, ತಗಡು ತಗಡು ಕೂಡುವಲ್ಲಿ ದಪ್ಪ ಪದರವಿದ್ದರೆ ಅದು ನಿಧಾನಕ್ಕೆ ಅದುಮಿಕೊಂಡು ಬಿಗಿತ ಇಳಿಯುತ್ತದೆ. ಆ ಜಾಗಗಳಿಗೆ ಟೇಪ್ ಅಂಟಿಸಿ ಕೋಟಿಂಗ್ ಮಾಡಿಸಿ, ತೆಳು ಪ್ರೈಮರ್ ಸಾಕು. ಈಗಾಗಲೇ ಆಗಿದ್ದರೆ ಕೆರೆದು ತೆಗೆದು ಬಿಗಿಯಿರಿ, ಒಂದಷ್ಟು ದಿನ ಓಡಿಸಿದ ಮೇಲೆ ಟಾರ್ಕ್ ವ್ರೆಂಚ್ (ನಿಗದಿತ ಬಲಕ್ಕೆ ಬಿಗಿಯುವ ಸ್ಪ್ಯಾನರ್) ಹಿಡಿದು ಇನ್ನೊಮ್ಮೆ ಕೆಳಗೆ ಮಲಗಿ.