ಮನೆ ಸರ್ವರ್‌ಗೆ ಹತ್ತು ನಿಮಿಷಕ್ಕೊಮ್ಮೆ ಬರುವ ಆ ರಿಕ್ವೆಸ್ಟ್ ಯಾರದ್ದು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಎರಡು ವರ್ಷದ ಹಿಂದೆ ನಾನೂ ಹೀಗೇ ತಲೆ ಕೆಡಿಸಿಕೊಂಡು ಕೂತಿದ್ದೆ.

ನೀವು ಬರೆದಿದ್ದು ಇಷ್ಟು: ವಿಜಯಪುರದ ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಮೇಲೆ ಅಪಾಚೆ ಅನ್ನೋ ವೆಬ್ ಸರ್ವರ್ ಪ್ರೋಗ್ರಾಂ ಓಡುತ್ತಿದೆ. ಹತ್ತು ನಿಮಿಷಕ್ಕೊಮ್ಮೆ ಯಾರೋ ಇಲ್ಲದ ಒಂದೇ ಫೈಲ್ ಕೇಳುತ್ತಾರೆ, 404, ಅಂದರೆ ‘ಅಂಥ ಫೈಲ್ ಇಲ್ಲ’ ಅನ್ನೋ ಉತ್ತರ ತಗೊಂಡು ಹೋಗುತ್ತಾರೆ. ಲಾಗ್‌ನಲ್ಲಿ (ಸರ್ವರ್ ಬರೆದಿಡುವ ದಾಖಲೆ) ಕೇಳಿದವರ ಐಪಿ ವಿಳಾಸ 192.168.1.1, ಅಂದರೆ ನಿಮ್ಮದೇ ರೂಟರ್. ರೂಟರ್ ಹ್ಯಾಕ್ ಆಗಿದೆಯಾ ಅಂತ ನಿಮ್ಮ ಭಯ.

ಆಗಿರಲಿಕ್ಕಿಲ್ಲ. ಹೊರಗಿನ ಕಳ್ಳರ ನಡವಳಿಕೆಯೇ ಬೇರೆ. ಅವರು ವರ್ಡ್‌ಪ್ರೆಸ್ ಲಾಗಿನ್ ಪುಟ ಕೇಳುತ್ತಾರೆ, ಪಾಸ್‌ವರ್ಡ್ ಇಡುವ ಡಾಟ್ ಎನ್ವ್ ಫೈಲ್ ಕೇಳುತ್ತಾರೆ, ದಿನಕ್ಕೊಂದು ಐಪಿಯಿಂದ, ಹೊತ್ತುಗೊತ್ತಿಲ್ಲದೆ. ಅದು ನಿಮ್ಮ ಮೇಲಿನ ಪ್ರೀತಿಯಿಂದ ಅಲ್ಲ. ಇಂಟರ್ನೆಟ್‌ನ ಹಳೇ ಮಾದರಿಯ ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಜೀಮ್ಯಾಪ್ ಅನ್ನೋ ಟೂಲ್ ಬರೆದು, ಒಂದೇ ಕಂಪ್ಯೂಟರ್‌ನಿಂದ ಅಷ್ಟನ್ನೂ ಮುಕ್ಕಾಲು ಗಂಟೆಯೊಳಗೆ ತಟ್ಟಿ ನೋಡಬಹುದು ಅಂತ ತೋರಿಸಿದರು. ನೀವು ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ವೆಬ್‌ಸೈಟ್‌ನ ಭದ್ರತಾ ಸರ್ಟಿಫಿಕೇಟ್ ತಗೊಂಡಿದ್ದರೆ ನಿಮ್ಮ ಡೊಮೈನ್ ಹೆಸರು ಎಲ್ಲರೂ ಓದಬಹುದಾದ ಪಟ್ಟಿಗೆ ಸೇರಿರುತ್ತದೆ, ಆ ಪಟ್ಟಿ ನೋಡಿಕೊಂಡೇ ಬರುವ ಬಾಟ್‌ಗಳೂ (ತಾವಾಗಿಯೇ ಓಡುವ ಪ್ರೋಗ್ರಾಂಗಳು) ಇವೆ. ಇದೆಲ್ಲ ಸಂತೆಯ ಗದ್ದಲ, ಬಿಡಿ. ಆದರೆ ಒಂದೇ ಫೈಲ್, ಒಂದೇ ಅಂತರ, ಒಂದೇ ಐಪಿ ಅಂದರೆ ಯಾರೋ ಯಾವಾಗಲೋ ಕೂತು ಅದನ್ನು ಸೆಟ್ ಮಾಡಿದ್ದಾರೆ ಅಂತ ಅರ್ಥ. ಹೆಚ್ಚಾಗಿ ಅದು ನೀವೇ.

ಹಾಗಾದರೆ ರೂಟರ್‌ನ ಐಪಿ ಯಾಕೆ? ಮನೆಯೊಳಗಿನ ಒಂದು ಸಾಧನ ನಿಮ್ಮ ಸರ್ವರನ್ನು ಹೊರಗಿನ ಹೆಸರಿನಿಂದ, ಅಂದರೆ ಡೊಮೈನ್ ಹೆಸರಿನಿಂದ ಕರೆದರೆ, ಆ ರಿಕ್ವೆಸ್ಟ್ ಮೊದಲು ರೂಟರ್‌ಗೆ ಹೋಗುತ್ತದೆ. ರೂಟರ್ ಅದನ್ನು ಹೊರಗೆ ಬಿಡದೆ ಅಲ್ಲೇ ತಿರುಗಿಸಿ ಒಳಗೆ ತಳ್ಳುತ್ತದೆ. ತಳ್ಳುವಾಗ ಕಳಿಸಿದವರ ವಿಳಾಸ ಅಳಿಸಿ ತನ್ನದನ್ನು ಬರೆಯುತ್ತದೆ. ನೆಟ್‌ವರ್ಕ್‌ನಲ್ಲಿ ಓಡಾಡುವುದನ್ನು ತೋರಿಸುವ ಟಿಸಿಪಿಡಂಪ್ ಹಾಕಿ ನೋಡಿದರೂ ರೂಟರ್‌ನ ಮ್ಯಾಕ್ ವಿಳಾಸವೇ (ಪ್ರತಿ ಸಾಧನದ ನೆಟ್‌ವರ್ಕ್ ಗುರುತು) ಕಾಣುತ್ತದೆ, ನಾನು ಅದರಲ್ಲೇ ಒಂದು ಭಾನುವಾರ ಕಳೆದೆ. (ಆ ವರ್ಡ್‌ಪ್ರೆಸ್ ಹುಡುಕುವವರೂ ನಿಮ್ಮ ಲಾಗ್‌ನಲ್ಲಿ 192.168.1.1 ಅಂತಲೇ ಕಂಡರೆ ಕಥೆ ಬೇರೆ. ಕೆಲವು ರೂಟರ್‌ಗಳು ಹೊರಗಿನಿಂದ ಬಂದವರಿಗೂ ತಮ್ಮದೇ ವಿಳಾಸ ಹಚ್ಚಿ ಒಳಗೆ ಬಿಡುತ್ತವೆ.)

ನನ್ನ ಕಥೆ ಕೇಳಿ. ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ. ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್ ಮೇಲೆ ಸರ್ವರ್. ಹದಿನೈದು ನಿಮಿಷಕ್ಕೊಮ್ಮೆ ‘/ಎನ್?ವಿ=0’ ಅಂತ ರಿಕ್ವೆಸ್ಟ್, ಅದೇ ರೂಟರ್ ಐಪಿ, ಅದೇ 404. ಫೋನ್‌ಗಳನ್ನೆಲ್ಲ ಒಂದೊಂದಾಗಿ ಆಫ್ ಮಾಡಿ ನೋಡಿದೆ. ಟಿವಿ ಪ್ಲಗ್ ಕಿತ್ತೆ. ಬಂದೇ ಬಂತು.

ಕೊನೆಗೆ ದಾರಿ ತೋರಿಸಿದ್ದು ಕರೆಂಟ್. ಒಂದು ಸಂಜೆ 7:52ಕ್ಕೆ ಕರೆಂಟ್ ಹೋಯಿತು, 9:14ಕ್ಕೆ ಬಂತು. ಪೈ ಮತ್ತು ರೂಟರ್ ಎರಡೂ ಇನ್ವರ್ಟರ್ ಮೇಲಿವೆ, ಲಾಗ್ ನಿಂತಿರಲಿಲ್ಲ. ಮರುದಿನ ನೋಡಿದರೆ ಅಷ್ಟು ಹೊತ್ತು ಆ ಒಂದು ರಿಕ್ವೆಸ್ಟ್ ಮಾತ್ರ ಇಲ್ಲ, ಹಲ್ಲು ಬಿದ್ದ ಹಾಗೆ ಜಾಗ ಖಾಲಿ! ಮೊದಲು ಗಂಟೆಯ 3, 18, 33, 48ನೇ ನಿಮಿಷಕ್ಕೆ ಬರುತ್ತಿತ್ತು. ಕರೆಂಟ್ ಬಂದ ಮೇಲೆ 9:14:35, 9:29:36, 9:44:37. ಇದರಲ್ಲೇ ಎಲ್ಲ ಇದೆ ನೋಡಿ. ಗಡಿಯಾರ ನೋಡಿ ಕೆಲಸ ಮಾಡಿಸುವ ಕ್ರಾನ್ ಆಗಿದ್ದರೆ 00, 15, 30, 45ಕ್ಕೆ ಸರಿಯಾಗಿ ಬರಬೇಕಿತ್ತು. ಇದು ಗಡಿಯಾರ ನೋಡುವುದಿಲ್ಲ, ತಾನು ಎದ್ದ ಕ್ಷಣದಿಂದ ಎಣಿಸುತ್ತದೆ, ಪ್ರತಿ ಸುತ್ತಿಗೂ ಒಂದು ಸೆಕೆಂಡ್ ಜಾರುತ್ತದೆ. ಅಂದರೆ ಕಂಪ್ಯೂಟರ್ ಅಲ್ಲ, ಯಾವುದೋ ಸಣ್ಣ ಬೋರ್ಡ್. ನಮ್ಮ ಮನೆಯದೇ ಕರೆಂಟ್, ಆದರೆ ಇನ್ವರ್ಟರ್ ಲೈನ್ ಅಲ್ಲ.

ಅದಕ್ಕೇ ಹೇಳುತ್ತೇನೆ, ಐಪಿ ಹಿಂದೆ ಬೀಳುವ ಮೊದಲು ಎರಡು ದಿನದ ಲಾಗ್ ತೆಗೆದು ಆ ಒಂದು ರಿಕ್ವೆಸ್ಟ್‌ನ ಟೈಮ್ ಮಾತ್ರ ಸಾಲಾಗಿ ಬರೆದುಕೊಳ್ಳಿ. ಸೆಕೆಂಡ್ ಸಮೇತ. ಯಾವಾಗ ನಿಂತಿತ್ತು, ಆಗ ಮನೆಯಲ್ಲಿ ಏನು ಆಫ್ ಆಗಿತ್ತು, ಯಾರು ಊರಿಗೆ ಹೋಗಿದ್ದರು, ಅದನ್ನು ಪಕ್ಕಕ್ಕೆ ಬರೆಯಿರಿ.

ಆಮೇಲೆ ಲಾಗ್ ಫಾರ್ಮ್ಯಾಟ್ ನೋಡಿ. ನನ್ನದು ‘ಕಾಮನ್’ ಇತ್ತು, ಅದರಲ್ಲಿ ಯೂಸರ್ ಏಜೆಂಟ್ (ಕೇಳುವ ಪ್ರೋಗ್ರಾಂ ಹೇಳಿಕೊಳ್ಳುವ ತನ್ನ ಹೆಸರು) ಬರುವುದೇ ಇಲ್ಲ. ‘ಕಂಬೈನ್ಡ್’ ಮಾಡಿದ ಹದಿನೈದು ನಿಮಿಷಕ್ಕೆ ‘ಇಎಸ್‌ಪಿ8266ಎಚ್‌ಟಿಟಿಪಿಕ್ಲೈಂಟ್’ ಅಂತ ಹೆಸರು ಬಂತು. ಇಎಸ್‌ಪಿ8266 ಅಂದರೆ ವೈಫೈ ಇರುವ ಸಣ್ಣ ಚಿಪ್, ಆ ಬೋರ್ಡ್‌ಗೆ ಆರ್ಡುಯಿನೋದಲ್ಲಿ ಪ್ರೋಗ್ರಾಂ ಬರೆದರೆ ಲೈಬ್ರರಿ ತಾನೇ ಹಾಕುವ ಹೆಸರು ಅದು. ಹಾಗೇ ಹೋಸ್ಟ್ ಹೆಡರನ್ನೂ, ಅಂದರೆ ಯಾವ ಡೊಮೈನ್ ಹೆಸರಿಗೆ ಕೇಳಿದರು ಅನ್ನುವುದನ್ನೂ ಲಾಗ್‌ಗೆ ಸೇರಿಸಿ. ಅಲ್ಲಿ ನಿಮ್ಮ ಡೊಮೈನ್ ಕಂಡರೆ ನಿಮ್ಮವರದೇ ಕೆಲಸ. ಗೊತ್ತಿಲ್ಲದ ಡೊಮೈನ್ ಕಂಡರೆ, ಬಹುಶಃ ನಿಮಗೀಗ ಸಿಕ್ಕಿರುವ ಐಪಿ ಮೊದಲು ಬೇರೆಯವರ ಹತ್ತಿರ ಇತ್ತು, ಅವರ ಯಾವುದೋ ಸಾಧನ ಇನ್ನೂ ಹಳೇ ವಿಳಾಸಕ್ಕೇ ಬಂದು ಬಾಗಿಲು ಬಡಿಯುತ್ತಿದೆ. ಅದಕ್ಕೆ 404 ಕೊಟ್ಟು ಸುಮ್ನಿರಿ.

ನಿಮ್ಮ ಲಾಗ್ ಇಷ್ಟಕ್ಕೂ ಬಾಯಿ ಬಿಡದಿದ್ದರೆ, ಇನ್ನೊಂದು ಉಪಾಯ ಇದೆ. ಮನೆಯೊಳಗೆ ನಿಮ್ಮ ಡೊಮೈನ್ ಹೆಸರು ಸೀದಾ ಲ್ಯಾಪ್‌ಟಾಪ್‌ನ ಒಳಗಿನ ಐಪಿಗೆ ಹೋಗುವ ಹಾಗೆ ರೂಟರ್‌ನ ಡಿಎನ್‌ಎಸ್‌ನಲ್ಲಿ (ಹೆಸರಿಗೆ ಐಪಿ ಹೇಳುವ ವ್ಯವಸ್ಥೆ) ಬರೆಯಿರಿ. ರೂಟರ್ ಬಿಡದಿದ್ದರೆ ಲ್ಯಾಪ್‌ಟಾಪ್ ಮೇಲೆ ಅದೇ ಕೆಲಸ ಮಾಡುವ ಡಿಎನ್‌ಎಸ್‌ಮಾಸ್ಕ್ ಪ್ರೋಗ್ರಾಂ ಹಾಕಿ, ಅದನ್ನೇ ಡಿಎನ್‌ಎಸ್ ಅಂತ ಎಲ್ಲ ಸಾಧನಗಳಿಗೂ ಕೊಡಿ. ರೂಟರ್ ನಡುವೆ ಬರದಿದ್ದರೆ ವೇಷವೂ ಇಲ್ಲ, ಲಾಗ್‌ನಲ್ಲಿ ನಿಜವಾದ ಐಪಿ ಬೀಳುತ್ತದೆ. ನನಗೆ 192.168.1.23 ಸಿಕ್ಕಿತು. ರೂಟರ್‌ನ ಪಟ್ಟಿಯಲ್ಲಿ ಅದರ ಮ್ಯಾಕ್ ವಿಳಾಸ ನೋಡಿದರೆ, ಮೊದಲ ಮೂರು ಜೋಡಿ ಆ ಚಿಪ್ ಮಾಡುವ ಎಸ್ಪ್ರೆಸಿಫ್ ಕಂಪನಿಯದ್ದು. ಫೋನ್‌ಗಳಿಗೆ ಮಾತ್ರ ಈ ಆಟ ನಡೆಯುವುದಿಲ್ಲ, ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಅವು ಸುಳ್ಳು ಮ್ಯಾಕ್ ಹೇಳುತ್ತವೆ. ಮ್ಯಾಕ್‌ನ ಎರಡನೇ ಅಕ್ಷರ 2, 6, ಎ ಅಥವಾ ಇ ಇದ್ದರೆ ಕಂಪನಿ ಹುಡುಕಲು ಹೋಗಬೇಡಿ.

ಇಷ್ಟಾದ ಮೇಲೆ ನೆನಪಾಯಿತು. ಛಾವಣಿ ಮೇಲಿನ ನೀರಿನ ಟಾಕಿ! ನೀರಿನ ಮಟ್ಟ ಅಳೆಯಲಿಕ್ಕೆ ಅಂತ ನಾನೇ ಒಂದು ಬೋರ್ಡ್ ಕೂಡಿಸಿದ್ದೆ. ‘ಎನ್’ ಅಂದರೆ ನೀರು. ನಾನೇ ಇಟ್ಟ ಹೆಸರು, ನನಗೇ ಮರೆತುಹೋಗಿತ್ತು. ಟಾಕಿಯೊಳಗಿನ ತೇವಕ್ಕೆ ಸೆನ್ಸರ್ ಸತ್ತು ಯಾವಾಗಲೂ ಸೊನ್ನೆ ಕಳಿಸುತ್ತಿತ್ತು. ಹಳೇ ಕಂಪ್ಯೂಟರ್‌ನಿಂದ ಪೈಗೆ ಬಂದಾಗ ಆ ಪುಟ ತರುವುದನ್ನು ಬಿಟ್ಟಿದ್ದೆ, ಬೋರ್ಡ್ ಮಾತ್ರ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತು ಕೇಳುತ್ತಲೇ ಇತ್ತು.

ಏಣಿ ಹತ್ತಿ ಕೀಳುವ ಮೊದಲು ಸುಮ್ನೆ ಪರೀಕ್ಷೆಗೆ ಅಂತ ಆ ಹೆಸರಿನ ಒಂದು ಖಾಲಿ ಫೈಲ್ ಇಟ್ಟೆ. ಮುಂದಿನ ಸುತ್ತಿಗೆ 404 ಹೋಗಿ 200, ಅಂದರೆ ‘ಫೈಲ್ ಸಿಕ್ಕಿತು’ ಅಂತ ಬಂತು. ಉತ್ತರ ಸಿಗದಿದ್ದರೆ ಕೆಂಪು, ಸಿಕ್ಕರೆ ಹಸಿರು ಅಂತ ಬೋರ್ಡ್‌ಗೆ ಎಲ್‌ಇಡಿ ಹಚ್ಚಿದ್ದೆ, ಅದೂ ಮರೆತಿತ್ತು. ಅಂಗಳದಿಂದ ಅವ್ವ ಕೂಗಿದಳು: “ಟಾಕಿ ದೀಪ ಹಸಿರಾಗೇತಿ ನೋಡೋ, ನೀರ ಖಾಲಿ ಆದೂ ಅಂತ ಕಾಣಸ್ತದ, ಮೋಟರ್ ಹಾಕ್ಲೇನು?”