ಅರ್ಧ ಗಂಟೆಯ ದಾರಿಗೆ ಒಂದೂಕಾಲು ಗಂಟೆ ಯಾಕೆ?

ಪ್ರಶ್ನೆ: ಮಗಳ ಬಾಣಂತನಕ್ಕೆ ಮುಂಬೈಗೆ ಹೊರಟಿದ್ದೇನೆ. ಗೋವಾದ ದಾಬೋಲಿಂನಿಂದ ವಿಮಾನದಲ್ಲಿ ಸುಮಾರು 425 ಕಿ.ಮೀ. ಅಂತೆ. ಗಂಟೆಗೆ 800 ಕಿ.ಮೀ. ಹೋಗುವ ವಿಮಾನಕ್ಕೆ ಅರ್ಧ ಗಂಟೆ ಸಾಕಲ್ವಾ? ಟಿಕೆಟ್‌ನಲ್ಲಿ ಒಂದೂಕಾಲು ಗಂಟೆ ಅಂತಿದೆ.
– ಓದುಗರು, ಕೋಡಿಬಾಗ, ಕಾರವಾರ

ಉತ್ತರ: ನಿಮ್ಮ ಲೆಕ್ಕ ಸರಿಯಾಗೇ ಇದೆ ಅಮ್ಮ. ಆದರೆ ಆ 425 ನಕ್ಷೆಯ ಮೇಲೆ ದಾರ ಎಳೆದು ಅಳೆದಂಥ ನೇರ ದೂರ. ಟಿಕೆಟ್‌ನ ಸಮಯ ಹಾಗಲ್ಲ. ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗೆ ಎಲ್ಲವೂ ಅದರಲ್ಲಿ ಸೇರಿದೆ. ಇಷ್ಟು ಹತ್ತಿರದ ದಾರಿಯಲ್ಲಿ ಏರುವುದು, ಇಳಿಯುವುದರಲ್ಲೇ ಜಾಸ್ತಿ ಹೊತ್ತು ಹೋಗುತ್ತದೆ. 800ರ ವೇಗ ಸಿಗುವುದು ಸ್ವಲ್ಪ ಹೊತ್ತು ಮಾತ್ರ. ಮುಂಬೈಯ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ, ಹಾಗಾಗಿ ಇಳಿಯಲು ಸರದಿ ಕಾಯಬೇಕು. ನಾನು ಹೋದಾಗ ಕಿಟಕಿಯಲ್ಲಿ ಅದೇ ಮೀನಿನ ದೋಣಿಗಳು ಮತ್ತೆ ಮತ್ತೆ ಕಂಡವು. ಸಮುದ್ರದ ಮೇಲೆ ಸುತ್ತು ಹೊಡೆಯುತ್ತಿದ್ದೆವು. ಗಾಬರಿ ಬೇಡ.

ನನಗೆ ಚಿಂತೆ ಇರುವುದು ರಸ್ತೆಯದ್ದು. ಟಿಕೆಟ್‌ನಲ್ಲಿ ‘ಜಿಒಐ’ ಅಂತಿದ್ದರೆ ದಾಬೋಲಿಂ. ‘ಜಿಒಎಕ್ಸ್’ ಅಂತಿದ್ದರೆ 2023ರಲ್ಲಿ ಶುರುವಾದ ಮೋಪಾ ವಿಮಾನ ನಿಲ್ದಾಣ, ಗೋವಾದ ಉತ್ತರ ತುದಿ. ಕಾರವಾರದಿಂದ ಇಡೀ ಗೋವಾ ದಾಟಬೇಕು! ದಾಬೋಲಿಂ ಆದರೂ ಕಾಣಕೋಣದಾಚೆಯ ಘಾಟಿಗೆ ಲಾರಿಗಳ ಹಿಂದೆ ಸಾಗಬೇಕು, ಎರಡೂವರೆ ಗಂಟೆ ಇಟ್ಟುಕೊಳ್ಳಿ. ಬ್ಯಾಗ್ ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ.